ತುಂಡು ಫೈಲುಗಳ ಪರವಾಗಿ

ಐದು ಜಿಬಿಯ ಐಎಸ್‌ಒ ಫೈಲೊಂದನ್ನು ಪೆನ್‌ಡ್ರೈವಿಗೆ ಹಾಕಲು ಹೋಗುತ್ತೇವೆ. ಡ್ರೈವಿನಲ್ಲಿ ಐವತ್ತು ಜಿಬಿ ಖಾಲಿ ಇದ್ದರೂ ‘ಫೈಲು ತೀರಾ ದೊಡ್ಡದು’ ಎಂಬ ಸಂದೇಶ ಬರುತ್ತದೆ. ಇದಕ್ಕೆ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ: ಫ್ಯಾಟ್32 ಹಳೆಯ ಕಾಲದ್ದು, ಡ್ರೈವನ್ನು ಎಕ್ಸ್‌ಫ್ಯಾಟ್‌ಗೋ ಎನ್‌ಟಿಎಫ್‌ಎಸ್‌ಗೋ ಫಾರ್ಮ್ಯಾಟ್ ಮಾಡಿ, ಅದೂ ಆಗದಿದ್ದರೆ ಫೈಲನ್ನು ತುಂಡು ಮಾಡಿಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲೂ, ದೊಡ್ಡ ಕಚೇರಿಗಳ ಐಟಿ ವಿಭಾಗಗಳಲ್ಲೂ ಇದೇ ಉತ್ತರ. ಈ ಉತ್ತರದಲ್ಲಿ ತುಂಡು ಮಾಡುವುದಕ್ಕೆ ಕೊನೆಯ ಜಾಗ. ಅದು ಬೇರೆ ದಾರಿ ಕಾಣದವರ ಕೆಲಸ, ಒಂದು ಬಗೆಯ ಜುಗಾಡ್. ನನ್ನ ತಕರಾರು ಇರುವುದು ಇಲ್ಲೇ. ಡಿಸ್ಕ್ ಇಮೇಜುಗಳನ್ನು ವಿಭಜಿಸುವುದು ನಮ್ಮ ಕಾಲದ ತಂತ್ರಜ್ಞಾನದ ಬಹಳ ಪಕ್ವವಾದ ಪದ್ಧತಿಗಳಲ್ಲಿ ಒಂದು. ಅದನ್ನು ಜುಗಾಡ್ ಎಂದು ಕಲಿಸಿದ್ದರಿಂದಲೇ ನಾವು ಅದನ್ನು ಜುಗಾಡ್‌ನಂತೆ, ಅಂದರೆ ಕೆಟ್ಟದಾಗಿ ಮಾಡುತ್ತಿದ್ದೇವೆ.

ಮೊದಲು ಫೈಲನ್ನು ತಡೆಯುವ ಫ್ಯಾಟ್32ರ ಈ ನಾಲ್ಕು ಜಿಬಿಯ ಗೆರೆ ಇರುವುದೆಲ್ಲಿ ಎಂದು ನೋಡಬೇಕು. ಫ್ಯಾಟ್32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ. ಅದರಲ್ಲಿ ಪ್ರತಿ ಫೈಲಿಗೂ 32 ಬೈಟಿನ ಒಂದು ದಾಖಲೆ ಇರುತ್ತದೆ. ಹೆಸರು, ತಾರೀಖು, ಮೊದಲ ಕ್ಲಸ್ಟರಿನ ಸಂಖ್ಯೆ ಎಲ್ಲ ಮುಗಿದ ಮೇಲೆ ಕೊನೆಯ ನಾಲ್ಕು ಬೈಟ್‌ಗಳಲ್ಲಿ ಫೈಲಿನ ಗಾತ್ರ. ನಾಲ್ಕು ಬೈಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಗೆರೆ ಇರುವುದು ಅಷ್ಟೇ. ಡ್ರೈವಿನಲ್ಲಿ ಜಾಗ ಇರುತ್ತದೆ, ಕ್ಲಸ್ಟರುಗಳ ಸರಪಳಿಯನ್ನು ಇನ್ನೂ ಉದ್ದಕ್ಕೆ ಬೆಳೆಸಲೂ ಬರುತ್ತದೆ. ಗಾತ್ರ ಬರೆಯುವ ಅಂಕಣ ಮಾತ್ರ ಸಾಲದು. ‘ಫ್ಯಾಟ್32 ದೊಡ್ಡ ಡ್ರೈವಿಗೆ ಆಗುವುದಿಲ್ಲ’ ಎಂಬ ಮಾತೂ ಇಂಥದೇ ಗೊಂದಲದಿಂದ ಹುಟ್ಟಿದ್ದು. 512 ಬೈಟಿನ ಸೆಕ್ಟರುಗಳಿದ್ದರೆ ಅದು 2 ಟಿಬಿವರೆಗೆ ಹೋಗುತ್ತದೆ. 32 ಜಿಬಿಯ ಮಿತಿ ಇದ್ದದ್ದು ವಿಂಡೋಸಿನ ಫಾರ್ಮ್ಯಾಟ್ ಸಾಧನದಲ್ಲಿ. ಆ ಕಿಟಕಿಯನ್ನು ಬರೆದ ಡೇವ್ ಪ್ಲಮರ್ ಅದು ಆ ಹೊತ್ತಿಗೆ ತಾವೇ ತೀರ್ಮಾನಿಸಿದ ಸಂಖ್ಯೆ ಎಂದು ಹೇಳಿಕೊಂಡಿದ್ದಾರೆ. ಕಮಾಂಡ್ ಲೈನಿನಲ್ಲಿ ಆ ಮಿತಿಯನ್ನು 2 ಟಿಬಿಗೆ ಏರಿಸಿದ ವಿಂಡೋಸ್ 11ರ ಪರೀಕ್ಷಾ ಆವೃತ್ತಿ ಹೊರಬಂದದ್ದು 2024ರ ಆಗಸ್ಟಿನಲ್ಲಿ.

ಈ ಗೆರೆ ಡಿಸ್ಕ್ ಇಮೇಜುಗಳಿಗೇ ಹೆಚ್ಚು ಅಡ್ಡ ಬರುವುದಕ್ಕೂ ಕಾರಣವಿದೆ. ಒಂದು ಪದರದ ಡಿವಿಡಿಯ ಸಾಮರ್ಥ್ಯ ಸುಮಾರು 470 ಕೋಟಿ ಬೈಟ್. ಗೆರೆ 429 ಕೋಟಿಗೆ ನಿಲ್ಲುತ್ತದೆ. ಭರ್ತಿ ತುಂಬಿದ ಡಿವಿಡಿಯ ಇಮೇಜು ಸುಮಾರು ನಲವತ್ತು ಕೋಟಿ ಬೈಟಿನಷ್ಟು ಗೆರೆ ದಾಟುತ್ತದೆ. ಹಾಡು, ಫೋಟೊ, ಪಿಡಿಎಫ್‌ಗಳಲ್ಲಿ ಎಂದೂ ಕಾಣದ ತೊಂದರೆ ಇಮೇಜಿನಲ್ಲಿ ಮೊದಲ ಸಲ ಎದುರಾಗುವುದು ಹೀಗೆ.

ಹಾಗಾದರೆ ಎಕ್ಸ್‌ಫ್ಯಾಟ್ ಇದೆಯಲ್ಲ ಎನ್ನುವವರ ವಾದಕ್ಕೆ ಬರೋಣ. ವಾದ ಬಲವಾಗಿಯೇ ಇದೆ. 2006ರಲ್ಲಿ ಬಂದ ಎಕ್ಸ್‌ಫ್ಯಾಟನ್ನು 2009ರಲ್ಲಿ ಎಸ್‌ಡಿಎಕ್ಸ್‌ಸಿ ಕಾರ್ಡುಗಳ ಮಾನದಂಡವೇ ಒಪ್ಪಿಕೊಂಡಿತು. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿತು, ಅದೇ ವರ್ಷದ ಕೊನೆಗೆ ಲಿನಕ್ಸ್ ಕರ್ನಲ್ಲಿಗೂ ಅದು ಸೇರಿತು. ಮ್ಯಾಕ್‌ನಲ್ಲಿ ಓದಲು, ಬರೆಯಲು ಎರಡಕ್ಕೂ ಬರುತ್ತದೆ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಒಂದು ಲ್ಯಾಪ್‌ಟಾಪಿನಿಂದ ಇನ್ನೊಂದಕ್ಕೆ ದೊಡ್ಡ ಇಮೇಜು ಸಾಗಿಸುವುದಷ್ಟೇ ಕೆಲಸವಾದರೆ ನಾನೂ ಎಕ್ಸ್‌ಫ್ಯಾಟ್ ಎಂದೇ ಹೇಳುತ್ತೇನೆ. ಬರೆಯುತ್ತಿರುವಾಗ ಡ್ರೈವ್ ಕಿತ್ತುಕೊಳ್ಳುವ ಅಭ್ಯಾಸ ಇದ್ದವರಿಗೆ ಮಾತ್ರ ಒಂದು ಎಚ್ಚರಿಕೆ: ಫ್ಯಾಟ್32 ತನ್ನ ಕೋಷ್ಟಕದ ಎರಡು ಪ್ರತಿ ಇಟ್ಟುಕೊಳ್ಳುತ್ತದೆ, ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದನ್ನೇ ಇಡುತ್ತದೆ, ಎನ್‌ಟಿಎಫ್‌ಎಸ್‌ನಲ್ಲಿರುವ ಜರ್ನಲ್ ಇವೆರಡರಲ್ಲೂ ಇಲ್ಲ.

ಆದರೆ ಈ ವಾದ ಒಂದು ವಿಷಯವನ್ನು ಮರೆಯುತ್ತದೆ. ಯಾವ ಫಾರ್ಮ್ಯಾಟ್ ಎಂಬುದನ್ನು ತೀರ್ಮಾನಿಸುವುದು ಡ್ರೈವ್ ಕೊಂಡವರಲ್ಲ. ಆ ಡ್ರೈವ್ ಹೋಗಿ ಚುಚ್ಚಿಕೊಳ್ಳುವ ಸಾಧನಗಳಲ್ಲಿ ಅತ್ಯಂತ ಅಶಕ್ತವಾದದ್ದು ಯಾವುದೋ ಅದು ತೀರ್ಮಾನಿಸುತ್ತದೆ. ಹಳೆಯ ಟಿವಿ, ಕಾರಿನ ಸ್ಟೀರಿಯೊ ನೆನಪಿಗೆ ಬರುವುದು ಸಹಜ. ಇವೆರಡಕ್ಕಿಂತ ಮುಖ್ಯವಾದದ್ದು ಪ್ರತಿ ಹೊಸ ಕಂಪ್ಯೂಟರಿನ ಒಳಗೇ ಇದೆ. ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲು ಎಚ್ಚರವಾಗುವ ಯುಇಎಫ್‌ಐ ಫರ್ಮ್‌ವೇರ್, ಮಾನದಂಡದ ಪ್ರಕಾರ ಕಡ್ಡಾಯವಾಗಿ ಅರಿತಿರಬೇಕಾದದ್ದು ಫ್ಯಾಟ್ ಕುಟುಂಬವನ್ನು. ಕೆಲವು ತಯಾರಕರು ಎನ್‌ಟಿಎಫ್‌ಎಸ್ ಡ್ರೈವರನ್ನೂ ಸೇರಿಸುತ್ತಾರೆ; ಅದನ್ನು ನಂಬಿಕೊಂಡು ಇನ್ಸ್ಟಾಲ್ ಡ್ರೈವ್ ತಯಾರಿಸಿದರೆ ಒಂದು ಕಂಪ್ಯೂಟರಿನಲ್ಲಿ ಏಳುತ್ತದೆ, ಪಕ್ಕದ್ದರಲ್ಲಿ ಏಳುವುದಿಲ್ಲ. ಅಂದರೆ ನಿನ್ನೆ ಕೊಂಡ ಲ್ಯಾಪ್‌ಟಾಪ್ ಕೂಡ ಬೂಟ್ ಆಗುವ ಆ ಕೆಲವು ಕ್ಷಣ 1996ರ ಫಾರ್ಮ್ಯಾಟನ್ನೇ ನೆಚ್ಚಿಕೊಂಡಿರುತ್ತದೆ. ‘ಹಳೆಯದು, ಬಿಟ್ಟುಬಿಡಿ’ ಎಂಬ ಉಪದೇಶ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವಿಂಡೋಸ್ ಇನ್ಸ್ಟಾಲ್ ಡ್ರೈವನ್ನೇ ತೆಗೆದುಕೊಳ್ಳಿ. ಐಎಸ್‌ಒ ಒಳಗಿನ ‘ಸೋರ್ಸಸ್’ ಫೋಲ್ಡರಿನಲ್ಲಿ ‘ಇನ್ಸ್ಟಾಲ್ ಡಾಟ್ ವಿಮ್’ ಎಂಬ ಫೈಲಿದೆ. ಇಡೀ ವಿಂಡೋಸ್ ಇರುವುದು ಅದರಲ್ಲೇ, ಮತ್ತು ಅದು ಈಗ ನಾಲ್ಕು ಜಿಬಿಗಿಂತ ದೊಡ್ಡದು. ಉಳಿದದ್ದೆಲ್ಲ ಫ್ಯಾಟ್32ಕ್ಕೆ ಸಲೀಸಾಗಿ ಹೋಗುತ್ತದೆ, ಇದೊಂದು ಹೋಗುವುದಿಲ್ಲ. ತುಂಡು ಮಾಡುವುದನ್ನು ಕೀಳಾಗಿ ಕಾಣುವವರು ಇದಕ್ಕೆ ಎರಡು ಪರಿಹಾರ ಕೊಡುತ್ತಾರೆ. ಮೊದಲನೆಯದು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಮಾಡುವಂತೆ, ಇನ್ನೂ ಬಿಗಿಯಾಗಿ ಒತ್ತಿದ ‘ಇಎಸ್‌ಡಿ’ ಫೈಲನ್ನು ಬಳಸುವುದು. ಎರಡನೆಯದು ರುಫಸ್ ಎಂಬ ಜನಪ್ರಿಯ ಸಾಧನದ ದಾರಿ: ವಿಂಡೋಸ್ ಫೈಲುಗಳನ್ನು ಎನ್‌ಟಿಎಫ್‌ಎಸ್ ಭಾಗದಲ್ಲಿಟ್ಟು, ಪಕ್ಕದಲ್ಲಿ ಪುಟ್ಟದೊಂದು ಫ್ಯಾಟ್ ಭಾಗ ಮಾಡಿ, ಅಲ್ಲಿ ಎನ್‌ಟಿಎಫ್‌ಎಸ್ ಓದಬಲ್ಲ ಸಣ್ಣ ಬೂಟ್‌ಲೋಡರ್ ಕೂರಿಸುವುದು. ರುಫಸ್ ಬರೆದ ಪೀಟ್ ಬಟಾರ್ ಅವರ ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಇದನ್ನು ‘ತುಂಡು ಮಾಡದೆಯೇ ಮುಗಿಸಿದೆವು’ ಎಂದು ಹೊಗಳುವುದು ಕಣ್ಕಟ್ಟು. ಫೈಲನ್ನು ಕತ್ತರಿಸುವ ಬದಲು ಡ್ರೈವನ್ನೇ ಎರಡು ಭಾಗ ಮಾಡಿದ್ದಾರೆ, ಅಷ್ಟೆ. ವೆಂಟಾಯ್ ಎಂಬ ಇನ್ನೊಂದು ಸಾಧನ ಮಾಡುವುದೂ ಇದನ್ನೇ: ದೊಡ್ಡದೊಂದು ಎಕ್ಸ್‌ಫ್ಯಾಟ್ ಭಾಗ, ಬದಿಯಲ್ಲಿ 32 ಎಂಬಿಯ ಫ್ಯಾಟ್ ಭಾಗ. ಇಎಸ್‌ಡಿ ದಾರಿಯೂ ಪುಕ್ಕಟೆಯಲ್ಲ. ಬಿಗಿಯಾಗಿ ಒತ್ತಿದ್ದನ್ನು ಬಿಡಿಸಲು ಪ್ರೊಸೆಸರ್ ಹೆಚ್ಚು ದುಡಿಯಬೇಕು. ಗೆರೆಯ ಬೆಲೆಯನ್ನು ಎಲ್ಲರೂ ತೆರುತ್ತಿದ್ದಾರೆ, ಎಲ್ಲಿ ತೆರುತ್ತಾರೆ ಎಂಬುದಷ್ಟೇ ಬೇರೆ.

ಇನ್ನು ಮೂರನೆಯ ದಾರಿ, ಅಂದರೆ ತುಂಡು ಮಾಡುವುದು. ವಿಂಡೋಸಿನಲ್ಲೇ ಇರುವ ‘ಡಿಸ್ಮ್’ ಎಂಬ ಸಾಧನಕ್ಕೆ ವಿಮ್ ಫೈಲನ್ನು ಕೊಟ್ಟು, ತುಂಡೊಂದು 3800 ಎಂಬಿ ಮೀರದಿರಲಿ ಎಂದರೆ ‘ಇನ್ಸ್ಟಾಲ್ ಡಾಟ್ ಎಸ್‌ಡಬ್ಲ್ಯುಎಂ’, ‘ಇನ್ಸ್ಟಾಲ್2 ಡಾಟ್ ಎಸ್‌ಡಬ್ಲ್ಯುಎಂ’ ಎಂದು ಸಾಲಾಗಿ ಫೈಲುಗಳನ್ನು ಮಾಡಿಕೊಡುತ್ತದೆ. ಮೂಲ ವಿಮ್ ಇದ್ದ ಫೋಲ್ಡರಿನಲ್ಲೇ ಅವನ್ನಿಟ್ಟರೆ ಸಾಕು, ವಿಂಡೋಸ್ ಸೆಟಪ್ ತಾನೇ ಗುರುತಿಸಿ ಓದಿಕೊಳ್ಳುತ್ತದೆ. ಯಾರೂ ಕೂಡಿಸುವ ಕೆಲಸವಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ, ಸಾಮಾನ್ಯ ಮಾರ್ಗದರ್ಶಿಗಳು ಅದನ್ನು ಹೇಳುವುದೇ ಇಲ್ಲ. ವಿಮ್ ಒಳಗೆ ಸಾವಿರಾರು ಫೈಲುಗಳಿವೆ. ಅವುಗಳಲ್ಲಿ ಒಂದರ ಗಾತ್ರವೇ ನಾವು ಕೊಟ್ಟ ಮಿತಿಗಿಂತ ಹೆಚ್ಚಿದ್ದರೆ ಡಿಸ್ಮ್ ಅದನ್ನು ಕತ್ತರಿಸುವುದಿಲ್ಲ, ಆ ತುಂಡನ್ನೇ ಮಿತಿ ಮೀರಿ ದೊಡ್ಡದು ಮಾಡುತ್ತದೆ. ಏಕೆಂದರೆ ಅದು ಬೈಟ್ ಎಣಿಸಿ ಕೊಯ್ಯುತ್ತಿಲ್ಲ, ಒಳಗಿನ ವಸ್ತುಗಳನ್ನು ಇಡಿಯಾಗಿ ಆಯಾ ತುಂಡಿಗೆ ಹಂಚುತ್ತಿದೆ. ಹಲಸಿನ ಹಣ್ಣನ್ನು ಕತ್ತಿಯಿಂದ ಅಡ್ಡಡ್ಡ ಕೊಚ್ಚುವುದಕ್ಕೂ ತೊಳೆ ಬಿಡಿಸುವುದಕ್ಕೂ ಇರುವ ವ್ಯತ್ಯಾಸ ಇದು. ಎರಡನ್ನೂ ‘ಸ್ಪ್ಲಿಟ್’ ಎಂಬ ಒಂದೇ ಹೆಸರಿನಡಿ ಸೇರಿಸಿದ್ದು ನಮ್ಮ ವಾಡಿಕೆಯ ದೊಡ್ಡ ದೋಷ.

ಒಳರಚನೆ ಬಲ್ಲ ಈ ವಿಭಜನೆಗೆ ಹಳೆಯ ಉದಾಹರಣೆ ನಮ್ಮ ಮನೆಗಳಲ್ಲೇ ಇದೆ. ಸಿನಿಮಾ ಡಿವಿಡಿಯನ್ನು ಕಂಪ್ಯೂಟರಿನಲ್ಲಿ ತೆರೆದರೆ ಒಂದೇ ಚಿತ್ರ ‘ವಿಟಿಎಸ್_01_1’, ‘ವಿಟಿಎಸ್_01_2’ ಎಂದು ಹಲವು ವಿಒಬಿ ಫೈಲುಗಳಾಗಿ ಕಾಣುತ್ತದೆ. ಪ್ರತಿಯೊಂದೂ 1 ಜಿಬಿಗಿಂತ ತುಸು ಕಡಿಮೆ. ಭರ್ತಿಯಾದ ತುಂಡುಗಳ ಗಾತ್ರ ಸಾಮಾನ್ಯವಾಗಿ 1,07,37,09,056 ಬೈಟ್, ಅಂದರೆ ಸರಿಯಾದ ಒಂದು ಜಿಬಿಗೆ 2048 ಬೈಟಿನ ಹದಿನಾರು ಸೆಕ್ಟರ್ ಕಡಿಮೆ. ತುಂಡು ಮುಗಿಯುವ ಜಾಗಕ್ಕೂ ದೃಶ್ಯ ಮುಗಿಯುವ ಜಾಗಕ್ಕೂ ಸಂಬಂಧವಿಲ್ಲ. ಮಾತಿನ ಮಧ್ಯೆಯೇ ಫೈಲು ಮುಗಿಯಬಹುದು. ಆದರೂ ಸಿನಿಮಾ ನೋಡುವವರಿಗೆ ಅದು ತಿಳಿಯುವುದೇ ಇಲ್ಲ. ಪಕ್ಕದಲ್ಲಿರುವ ಐಎಫ್‌ಒ ಫೈಲು ಎಲ್ಲ ತುಂಡುಗಳನ್ನೂ ಒಂದೇ ಅಖಂಡ ಸಾಲಾಗಿ ಎಣಿಸಿ ವಿಳಾಸ ಬರೆದಿಟ್ಟಿರುತ್ತದೆ, ಪ್ಲೇಯರ್ ಅದನ್ನು ನೋಡಿ ಓದುತ್ತದೆ. ಡಿವಿಡಿ ತಯಾರಿಸಿದವರನ್ನು ಯಾರೂ ಜುಗಾಡ್ ಮಾಡಿದವರೆಂದು ಕರೆಯಲಿಲ್ಲ.

ಸಂದು ಗೊತ್ತಿರುವ ಓದುಗ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ನಮ್ಮ ಯಕ್ಷಗಾನದ ವಿಡಿಯೊ ಮಾಡುವವರು ಹೇಳಬಲ್ಲರು. ಫ್ಯಾಟ್32 ಕಾರ್ಡಿನಲ್ಲಿ ರಾತ್ರಿಯುದ್ದ ರೆಕಾರ್ಡ್ ಮಾಡಿದರೆ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಫೈಲನ್ನು ಮುರಿಯುತ್ತ ಹೋಗುತ್ತದೆ. ಭಾಗವತರು ಪದ ಎತ್ತಿದಲ್ಲೋ, ಚೆಂಡೆಯ ಬಿಡ್ತಿಗೆಯ ನಡುವೆಯೋ, ಅದಕ್ಕೆ ಲೆಕ್ಕವಿಲ್ಲ. ಆ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಬೇರೆ ಬೇರೆ ಕ್ಲಿಪ್ಪುಗಳೆಂದು ಟೈಮ್‌ಲೈನಿಗೆ ಎಳೆದರೆ ಸಂದಿನಲ್ಲಿ ಧ್ವನಿ ಕ್ಷಣಕಾಲ ಮುಕ್ಕಾಗುವುದುಂಟು. ಕಾರ್ಡಿನ ಫೋಲ್ಡರ್ ರಚನೆಯನ್ನು ಇದ್ದ ಹಾಗೆಯೇ ನಕಲು ಮಾಡಿ, ಅದನ್ನು ಓದಬಲ್ಲ ಸಾಫ್ಟ್‌ವೇರಿಗೆ ಕೊಟ್ಟರೆ ಕೂಡಿಕೆ ಸರಿಹೋಗುತ್ತದೆ. ಕತ್ತರಿಸಿದ್ದರಿಂದ ಕೆಟ್ಟದ್ದು ಏನೂ ಇರಲಿಲ್ಲ, ಕೂಡಿಸಲು ಬೇಕಾದ ಮಾಹಿತಿಯನ್ನು ಎಸೆದದ್ದರಿಂದ ಕೆಟ್ಟಿತು.

ತುಂಡು ಮಾಡಿದರೆ ಡೇಟಾ ಹಾಳಾಗುತ್ತದೆ ಎಂಬ ಭಯಕ್ಕೆ ನನ್ನ ಬಲವಾದ ಉತ್ತರ ಫೊರೆನ್ಸಿಕ್ ಪ್ರಯೋಗಾಲಯಗಳಿಂದ ಬರುತ್ತದೆ. ಒಂದು ಬಿಟ್ ಬದಲಾದರೂ ಸಾಕ್ಷ್ಯ ಬಿದ್ದುಹೋಗುವ ಜಾಗ ಅದು. ಅಲ್ಲಿ ಜಪ್ತಿಯಾದ ಹಾರ್ಡ್‌ಡಿಸ್ಕಿನ ಇಮೇಜನ್ನು ತುಂಡು ತುಂಡಾಗಿ ಇಡುವುದು ದಿನನಿತ್ಯದ ರೂಢಿ. ಎನ್‌ಕೇಸ್ ಎಂಬ ಫೊರೆನ್ಸಿಕ್ ಸಾಫ್ಟ್‌ವೇರ್ ರೂಢಿಗೆ ತಂದ ಫಾರ್ಮ್ಯಾಟಿನಲ್ಲಿ ಇ01, ಇ02, ಇ03 ಎಂದು ಸರಣಿ ಬೆಳೆಯುತ್ತದೆ. ಒಳಗೆ ಸಾಮಾನ್ಯವಾಗಿ ಪ್ರತಿ 64 ಸೆಕ್ಟರಿಗೆ ಒಂದು ಸಿಆರ್‌ಸಿ, ಇಡೀ ಇಮೇಜಿಗೆ ಒಂದು ಹ್ಯಾಶ್. ಯಾವ ತುಂಡಿನ ಯಾವ ಭಾಗ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸಬಹುದು. ಅಖಂಡವಾದ ಬರಿಯ ಐಎಸ್‌ಒ ಒಂದರಲ್ಲಿ ಅಷ್ಟು ಸುಲಭವಾಗಿ ತೋರಿಸಲಾಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲೂ ಹ್ಯಾಶ್ ಮೌಲ್ಯ ಬರೆಯಲು ಜಾಗವಿದೆ. ಆ ನಮೂನೆ ಕೇಳುವುದು ಮೂಲದ ಗುರುತನ್ನು. ಸಂಗ್ರಹದಲ್ಲಿ ಇಮೇಜು ಒಂದು ಫೈಲಾಗಿತ್ತೋ ಹತ್ತಾಗಿತ್ತೋ ಎಂಬುದರಿಂದ ಆ ಗುರುತು ಬದಲಾಗುವುದಿಲ್ಲ. ನ್ಯಾಯಾಲಯಕ್ಕೆ ಆಗುವ ಪದ್ಧತಿ ನಮ್ಮ ಪೆನ್‌ಡ್ರೈವಿಗೆ ಕೀಳಾಗುವುದು ಹೇಗೆ?

ಇಷ್ಟು ಹೇಳಿದ ಮೇಲೆ ವಿಭಜನೆಯ ಅಭಿಮಾನಿಗಳ ಮೇಲೂ ನನಗೆ ದೂರಿದೆ. ಅವರಲ್ಲಿ ಹೆಚ್ಚಿನವರು ಕಲಿಸುವುದು ಬೈಟ್ ಎಣಿಸಿ ಕೊಯ್ಯುವ ಪದ್ಧತಿಯನ್ನು ಮಾತ್ರ. ಲಿನಕ್ಸಿನ ‘ಸ್ಪ್ಲಿಟ್’ ಕೊಯ್ಯುತ್ತದೆ, ‘ಕ್ಯಾಟ್’ ಕೂಡಿಸುತ್ತದೆ. ವಿಂಡೋಸಿನಲ್ಲಿ ‘ಕಾಪಿ’ ಆದೇಶಕ್ಕೆ ‘ಬಿ’ ಸ್ವಿಚ್ ಹಾಕಿ ಕೂಡಿಸಬಹುದು. ಉಪಕರಣಗಳಲ್ಲಿ ದೋಷವಿಲ್ಲ. ಆದರೆ ಮೊದಲ ತಪ್ಪು ಗಾತ್ರದಲ್ಲೇ ನಡೆಯುತ್ತದೆ. ‘ನಾಲ್ಕು ಜಿಬಿ ತಾನೆ’ ಎಂದು 4096 ಎಂಬಿ ಕೊಟ್ಟರೆ ತುಂಡು 4,29,49,67,296 ಬೈಟ್ ಆಗುತ್ತದೆ, ಗೆರೆಗಿಂತ ಸರಿಯಾಗಿ ಒಂದು ಬೈಟ್ ಹೆಚ್ಚು. ಮೊದಲ ತುಂಡೇ ಡ್ರೈವಿಗೆ ಹೋಗುವುದಿಲ್ಲ. ಸೆವೆನ್-ಝಿಪ್‌ನ ಮೆನುವಿನಲ್ಲಿ ‘ಫ್ಯಾಟ್’ ಎಂಬ ಹೆಸರಿನ ಮುಂದೆ 4092 ಎಂಬಿ ಎಂದಿರುವುದು ಈ ಕಾರಣಕ್ಕೇ. ಅದೇ ಪಟ್ಟಿಯಲ್ಲಿ ಕೆಳಗೆ ಡಿವಿಡಿಗೆಂದು 4480 ಎಂಬಿ ಇದೆ. ಅದು ಡಿಸ್ಕಿಗೆ ಸುಡುವವರಿಗೆ ಸರಿ, ಫ್ಯಾಟ್32 ಪೆನ್‌ಡ್ರೈವಿಗೆ ಆಗದು. ಆ ಮೆನುವಿನ ಪ್ರತಿ ಸಾಲೂ ಯಾವುದೋ ಒಂದು ಮಾಧ್ಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಯಾವುದನ್ನು ಎಂದು ಓದದೆ ಆರಿಸುವವರೇ ಹೆಚ್ಚು.

ಎರಡನೆಯ ತಪ್ಪು ಕ್ರಮದ್ದು. ಭಾಗ1, ಭಾಗ2 ಎಂದು ಕೈಯಾರೆ ಹೆಸರಿಟ್ಟು ಹತ್ತು ದಾಟಿದಿರಿ ಎನ್ನಿ. ಎಲ್ಲವನ್ನೂ ನಕ್ಷತ್ರ ಚಿಹ್ನೆ ಹಾಕಿ ‘ಕ್ಯಾಟ್’‌ಗೆ ಕೊಟ್ಟರೆ ಅಕ್ಷರಕ್ರಮದಲ್ಲಿ ಭಾಗ1ರ ಬೆನ್ನಿಗೆ ಭಾಗ10 ಬಂದು ಕೂರುತ್ತದೆ. ಕೂಡಿದ ಫೈಲಿನ ಗಾತ್ರ ಸರಿಯಾಗಿಯೇ ಇರುತ್ತದೆ, ಒಳಗಿನದು ಮಾತ್ರ ಕಲಸಿಹೋಗಿರುತ್ತದೆ. ‘ಸ್ಪ್ಲಿಟ್’ ತಾನಾಗಿ ‘ಎಎ’, ‘ಎಬಿ’ ಎಂದು ಸಮಾನ ಉದ್ದದ ಬಾಲ ಹಚ್ಚುವುದು ಈ ಅನಾಹುತ ತಪ್ಪಿಸಲೆಂದೇ. ಅದನ್ನು ‘ಅಂದವಾಗಿ’ ಬದಲಿಸುವವರು ಅದರ ಉಪಕಾರವನ್ನು ಕಳೆದುಕೊಳ್ಳುತ್ತಾರೆ. ಕೊಯ್ಯುವ ಮೊದಲು ಮೂಲ ಇಮೇಜಿನ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಕೂಡಿಸಿದ ಮೇಲೆ ಹೋಲಿಸಿದರೆ ಸಂದೇಹಕ್ಕೆ ಎಡೆಯಿಲ್ಲ. ಇದಕ್ಕೆ ತಗಲುವುದು ಕೆಲವೇ ನಿಮಿಷ. ಆದರೂ ಗಾತ್ರ ಹೇಳಿಕೊಡುವ ಪಾಠಗಳು ಹ್ಯಾಶ್ ಹೇಳಿಕೊಡುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮೂಲಭೂತ. ಹೀಗೆ ಕೊಯ್ದ ಇಮೇಜು ಫ್ಯಾಟ್32 ಡ್ರೈವಿನಲ್ಲಿ ಪ್ರಯಾಣ ಮಾಡಬಲ್ಲದು, ಅಲ್ಲೇ ಕೆಲಸ ಮಾಡಲಾರದು. ಕೂಡಿಸಲು ನಾಲ್ಕು ಜಿಬಿಯ ಗೆರೆ ಇಲ್ಲದ ಇನ್ನೊಂದು ಡ್ರೈವ್ ಬೇಕು, ಅಲ್ಲಿ ಪೂರ್ತಿ ಇಮೇಜಿನಷ್ಟು ಜಾಗ ಬೇಕು. ಬೂಟ್ ಆಗಬೇಕಾದ ಪೆನ್‌ಡ್ರೈವಿಗೆ ಐಎಸ್‌ಒ ತುಂಡುಗಳನ್ನು ಹಾಕಿ ಏಕೆ ಏಳುತ್ತಿಲ್ಲ ಎಂದು ಕೇಳುವವರು ಸಾಗಿಸುವ ವಿಭಜನೆಯನ್ನು ಬಳಸುವ ವಿಭಜನೆ ಎಂದು ತಿಳಿದಿದ್ದಾರೆ. ಅದು ಅವರ ತಪ್ಪಲ್ಲ, ಎರಡಕ್ಕೂ ಒಂದೇ ಪಾಠ ಹೇಳಿದವರ ತಪ್ಪು.

ಒಳರಚನೆ ಬಲ್ಲ ವಿಭಜನೆಗೂ ಬೆಲೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಸ್‌ಡಬ್ಲ್ಯುಎಂ ಸರಣಿ ಓದಲು ಮಾತ್ರ ಬರುತ್ತದೆ. ಡ್ರೈವರ್ ಸೇರಿಸಬೇಕು, ಅಪ್‌ಡೇಟ್ ಹಾಕಬೇಕು ಎಂದರೆ ಇಡಿಯಾದ ವಿಮ್‌ನಲ್ಲಿ ಮಾಡಿ ಮುಗಿಸಿ ಆಮೇಲೆ ತುಂಡು ಮಾಡಬೇಕು. ಒಂದು ತುಂಡು ಕಳೆದರೆ ಇಡೀ ಸರಣಿಯೇ ಕೆಲಸಕ್ಕೆ ಬಾರದೆ ಹೋಗಬಹುದು. ಫೈಲುಗಳ ಸಂಖ್ಯೆ ಹೆಚ್ಚಿದಷ್ಟೂ ಒಂದು ತಪ್ಪಿಹೋಗುವ ಸಾಧ್ಯತೆಯೂ ಹೆಚ್ಚು. ಆದರೆ ಈ ಬೆಲೆಯನ್ನು ಯಾವ ಗೆರೆಯ ಒತ್ತಾಯವೂ ಇಲ್ಲದೆ, ಬೇಕೆಂದೇ ತೆತ್ತವರೂ ಇದ್ದಾರೆ. 2007ರ ಮ್ಯಾಕ್ ಓಎಸ್ ಟೆನ್ ಲೆಪರ್ಡ್‌ನೊಂದಿಗೆ ಆಪಲ್ ‘ಸ್ಪಾರ್ಸ್ ಬಂಡಲ್’ ಎಂಬ ಡಿಸ್ಕ್ ಇಮೇಜನ್ನು ತಂದಿತು. ಹೊರಗೆ ನೋಡಿದರೆ ಒಂದೇ ಇಮೇಜು, ಒಳಗೆ ಮಾಮೂಲಾಗಿ 8 ಎಂಬಿಯ ಪಟ್ಟಿಗಳ ದೊಡ್ಡ ಸಾಲು. ಒಂದು ಕಾಗದ ತಿದ್ದಿದರೆ ಅದಿರುವ ಪಟ್ಟಿಗಳನ್ನಷ್ಟೇ ಮತ್ತೆ ಬ್ಯಾಕಪ್ ಮಾಡಿದರೆ ಸಾಕು, ನೂರು ಜಿಬಿಯ ಅಖಂಡ ಫೈಲನ್ನು ಪ್ರತಿದಿನ ನಕಲಿಸಬೇಕಿಲ್ಲ. ಇಲ್ಲಿ ವಿಭಜನೆ ಯಾವ ಮಿತಿಗೂ ಶರಣಾದದ್ದಲ್ಲ, ಅದೇ ವಿನ್ಯಾಸ. ವಿಎಂವೇರ್ ತನ್ನ ವರ್ಚುವಲ್ ಡಿಸ್ಕನ್ನು ಹಲವು ಫೈಲುಗಳಾಗಿ ಇಡುವ ಆಯ್ಕೆಯನ್ನು ಇಂದಿಗೂ ಕೊಡುತ್ತಿರುವಾಗ, ವಿಭಜನೆ ಫ್ಯಾಟ್32ರ ಜೊತೆಗೇ ಸಾಯುತ್ತದೆ ಎನ್ನುವ ಭವಿಷ್ಯವಾಣಿಯನ್ನು ನಾನು ನಂಬುವುದಿಲ್ಲ.

ಆದ್ದರಿಂದ ನನ್ನ ತೀರ್ಪು ಇಷ್ಟು. ಎರಡು ತುದಿಯಲ್ಲೂ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಇದ್ದು, ನಡುವೆ ಸಾಗಿಸುವುದು ಮಾತ್ರ ಬೇಕಾದರೆ ಎಕ್ಸ್‌ಫ್ಯಾಟ್ ಬಳಸಿ, ಇಮೇಜನ್ನು ಮುಟ್ಟಬೇಡಿ. ಓದುವುದು ಫರ್ಮ್‌ವೇರೋ ಪ್ಲೇಯರೋ ಆಗಿದ್ದರೆ ಡ್ರೈವನ್ನು ಅದಕ್ಕೆ ಒಪ್ಪುವ ಫಾರ್ಮ್ಯಾಟಿನಲ್ಲೇ ಬಿಟ್ಟು, ಆ ಓದುಗನಿಗೆ ಸಂದು ಗೊತ್ತಿರುವ ವಿಧಾನದಲ್ಲಿ ತುಂಡು ಮಾಡಿ. ಅಂಥ ವಿಧಾನವೇ ಇಲ್ಲದಿದ್ದಾಗ ಮಾತ್ರ ಬೈಟ್ ಎಣಿಸಿ ಕೊಯ್ಯಿರಿ. ಆಗ ಗಾತ್ರ 4000 ಎಂಬಿ ದಾಟದಿರಲಿ, ಉಪಕರಣ ಕೊಟ್ಟ ಹೆಸರನ್ನು ಬದಲಿಸಬೇಡಿ, ಮೂಲದ ಹ್ಯಾಶನ್ನು ಒಂದು ಪಠ್ಯ ಫೈಲಿನಲ್ಲಿ ಬರೆದು ತುಂಡುಗಳ ಜೊತೆಯಲ್ಲೇ ಇಡಿ. ಕೂಡಿಸಲು ಬೇಕಾದ ಆದೇಶವನ್ನೂ ಅದೇ ಫೈಲಿನಲ್ಲಿ ಒಂದು ಸಾಲಾಗಿ ಬರೆದಿಡಿ. ಮುಂದೊಂದು ದಿನ ಆ ಡ್ರೈವನ್ನು ತೆರೆಯುವವರು ನೀವೇ ಆಗಿರಬೇಕೆಂದಿಲ್ಲ.